ಉಪ್ಪಿನ ಗುಂಡಿ

ನಮ್ಮ ಮನೆಯಲ್ಲಿ ಉಪ್ಪನ್ನು ಯಾರೂ ಯಾರ ಕೈಗೂ ಕೊಡುತ್ತಿರಲಿಲ್ಲ. ಕೇಳಿದವರ ಮುಂದೆ ನೆಲಕ್ಕೋ ತಟ್ಟೆಯ ಅಂಚಿಗೋ ಇಡಬೇಕು, ಅವರು ಅಲ್ಲಿಂದ ತೆಗೆದುಕೊಳ್ಳಬೇಕು. ಕೈಯಿಂದ ಕೈಗೆ ದಾಟಿದರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಖಂಡಿತ ಎಂಬುದು ಅಜ್ಜಿಯ ನಂಬಿಕೆ. ಉಪ್ಪು ನೆಲಕ್ಕೆ ಚೆಲ್ಲಿದರೆ ಇನ್ನೂ ಕಷ್ಟ. ಸತ್ತ ಮೇಲೆ ಅದನ್ನು ಒಂದೊಂದೇ ಹರಳಾಗಿ ಕಣ್ಣಿನ ರೆಪ್ಪೆಯಲ್ಲಿ ಎತ್ತಬೇಕು. ದೀಪ ಹಚ್ಚಿದ ಮೇಲೆ ನೆರೆಮನೆಯವರು ಬಂದು ಕೇಳಿದರೆ ಇಲ್ಲವೆನ್ನಬೇಕು. ಇಷ್ಟೆಲ್ಲ ಕಟ್ಟುಪಾಡು ಪಾಲಿಸಿದ ಮನೆಯಲ್ಲಿ ಜಗಳಕ್ಕೇನೂ ಕೊರತೆಯಿರಲಿಲ್ಲ. ಸಾಕಿದ ರೇಷ್ಮೆ ಹುಳುಗಳಿಗೆ ಸೊಪ್ಪು ತಡವಾಗಿ ಹಾಕಿದರೆ ಜಗಳ, ಒದ್ದೆ ಸೊಪ್ಪು ಹಾಕಿದರೆ ಜಗಳ, ಮುದ್ದೆ ಗಂಟಾದರೆ ಜಗಳ. ಉಪ್ಪಿನ ಶಾಸ್ತ್ರದಿಂದ ಏನಾದರೂ ಉಪಯೋಗವಾಗುತ್ತಿದೆಯೇ ಎಂದು ಯಾರಾದರೂ ಆಗಲೇ ಕೇಳಬೇಕಿತ್ತು. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಗುಡೇಮಾರನಹಳ್ಳಿಯ ಆ ಮನೆಯಲ್ಲಿ ಒಳ್ಳೆಯ ಕೋಣೆ ರೇಷ್ಮೆ ಹುಳುಗಳದು. ನಾವು ಐದು ಜನ, ಅಂದರೆ ಅಪ್ಪ, ಅವ್ವ, ಅಜ್ಜಿ, ಇನ್ನೂ ಮದುವೆಯಾಗದಿದ್ದ ಚಿಕ್ಕಪ್ಪ ಮತ್ತು ನಾನು, ನಡುಮನೆಯಲ್ಲಿ ಒತ್ತೊತ್ತಾಗಿ ಮಲಗುತ್ತಿದ್ದೆವು. ಗಾಳಿ ಬೇಕಾದದ್ದು ಹುಳುಗಳಿಗೆ, ತಂಪು ಬೇಕಾದದ್ದು ಹುಳುಗಳಿಗೆ. ಅವು ಮೇವು ಬಿಟ್ಟು ತಲೆಯೆತ್ತಿ ನಿಂತು ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರದ ದಿನ ಹುಳುಗಳಿದ್ದ ಬಿದಿರಿನ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸಿ, ಕೋಣೆಯ ಬಾಗಿಲು ಮುಚ್ಚಿ, ನಮ್ಮನ್ನೆಲ್ಲ ಗದರಿ ಸುಮ್ಮನಾಗಿಸುತ್ತಿದ್ದರು. ನನಗೆ ನಿಜವಾದ ಜ್ವರ ಬಂದಾಗ ಅಷ್ಟು ಉಪಚಾರ ಸಿಕ್ಕಿದ್ದು ನೆನಪಿಲ್ಲ. ಅಜ್ಜಿ ಒಂದು ಹಿಡಿ ಕಲ್ಲುಪ್ಪು ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಉಪ್ಪು ಚಟಚಟ ಎಂದಷ್ಟೂ ದೃಷ್ಟಿ ಹೆಚ್ಚಾಗಿತ್ತು ಎಂದು ಅರ್ಥ. ಮರುದಿನ ಬೂದಿ ಬಳಿಯುವಾಗ ಅದೇ ಹರಳುಗಳ ಚೂರು ಕೈಗೆ ಸಿಗುತ್ತಿತ್ತು. ಅಷ್ಟು ಬೆಂಕಿಯಲ್ಲಿ ಬಿದ್ದರೂ ಕರಗದ ಈ ವಸ್ತು ಒಂದು ಲೋಟ ನೀರಿಗೆ ಬಿದ್ದರೆ ಕಾಣದಂತೆ ಹೋಗುವುದು ನನಗೆ ವಿಚಿತ್ರವಾಗಿ ಕಾಣುತ್ತಿತ್ತು.

ಚಿಕ್ಕಪ್ಪನ ಹೆಸರು ರಾಮಣ್ಣ. ಮಾಗಡಿಯಲ್ಲಿ ವೈರಿಂಗ್ ಮೇಸ್ತ್ರಿಯೊಬ್ಬರ ಹಿಂದೆ ಒಂದಷ್ಟು ತಿಂಗಳು ತಿರುಗಿ, ಕೆಲಸ ಅರ್ಧ ಕಲಿತು ಊರಿಗೆ ಬಂದಿದ್ದ. ಕಿಸೆಯಲ್ಲಿ ಸದಾ ಒಂದು ಟೆಸ್ಟರು. ಬೇಸಿಗೆಯಲ್ಲಿ ಹುಳುಗಳು ಬಾಡುತ್ತಿದ್ದುದನ್ನು ನೋಡಿ, ಎಲ್ಲಿಂದಲೋ ಹಳೆಯ ಕಬ್ಬಿಣದ ಫ್ಯಾನೊಂದನ್ನು ಹೊತ್ತು ತಂದು ರಿಪೇರಿ ಮಾಡಿದ. ಹುಳುಗಳ ಕೋಣೆಯಲ್ಲಿ ಅದು ತಿರುಗಿದ ದಿನ ಅಪ್ಪನೂ ಬಾಗಿಲಲ್ಲಿ ನಿಂತು ಗಾಳಿಗೆ ಮುಖ ಒಡ್ಡಿದ್ದು ನೆನಪಿದೆ. ಆದರೆ ಚಿಕ್ಕಪ್ಪನಿಗೆ ಸಮಾಧಾನವಿರಲಿಲ್ಲ. ಬಚ್ಚಲ ಹಿಂದೆ ತನ್ನ ಎದೆಮಟ್ಟದ ಗುಂಡಿ ತೋಡಿದ. ನಡುವೆ ತೂತು ಕೊರೆದ ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು ಹೀಗೆ ತುಂಬಿಸಿದ. ಪೈಪಿನ ಬಾಯಿ ಮಾತ್ರ ನೆಲದ ಮೇಲೆ ಉಳಿಯಿತು. ಫ್ಯಾನಿನ ಮೈಯಿಂದ ಒಂದು ತಂತಿ ಎಳೆದು ತಂದು ಆ ಪೈಪಿಗೆ ಬಿಗಿದ. ಅವ್ವ ಕೊಟ್ಟಿಗೆಯಿಂದ ಬಂದವಳು ಖಾಲಿ ಚೀಲ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

“ಒಂದ್ ಚೀಲ ಉಪ್ಪ ಮಣ್ಣಿಗಾಕ್ಬುಟ್ಟಲ್ಲೊ ರಾಮಣ್ಣ! ಇದ ಯಾವ್ ರೆಪ್ಪೇಲಿ ಎತ್ತೀಯ?”

“ಅತ್ಗೆ, ಇದು ಅರ್ತಿಂಗು. ತಂತೀಲಿ ಏನಾರ ಎಡವಟ್ಟಾದ್ರೆ ಕರೆಂಟು ನಮ್ ಮೈಮ್ಯಾಕೆ ಬರಕಿಲ್ಲ. ಇಲ್ಲಿ ಇಳ್ಕಂಡು ಭೂಮಿಗೋಯ್ತದೆ. ಉಪ್ಪು ಅದ ಎಳ್ಕಂತದೆ.”

“ಉಪ್ಪು ಎಳ್ಕಂತದಾ?”

“ಹೂ ಕಣತ್ಗೆ. ದಿನಾ ಒಂದ್ ಬಿಂದ್ಗೆ ನೀರ್ ಉಯ್ಬೇಕು, ಅಷ್ಟೆ. ಭಾಗ್ಯ ಉಯ್ತಾಳೆ.”

ಹಾಗೆ ನನ್ನನ್ನು ಕೇಳದೆಯೇ ಆ ಕೆಲಸ ನನ್ನ ಪಾಲಿಗೆ ಬಂತು. ಶಾಲೆಯಿಂದ ಬಂದು ಚೀಲ ಬಿಸಾಕಿದ ಕೂಡಲೇ ಪೈಪಿನ ಬಾಯಿಗೆ ಒಂದು ಬಿಂದಿಗೆ ನೀರು. ಬಾವಿಯಲ್ಲಿ ನೀರಿದ್ದಷ್ಟು ದಿನ ಅದೊಂದು ಆಟದಂತೆಯೇ ಇತ್ತು, ಪೈಪು ಗುಳುಗುಳು ಎಂದು ಕುಡಿಯುತ್ತಿತ್ತು. ನನಗೆ ಹನ್ನೊಂದು ತುಂಬಿದ ವರ್ಷದ ಬೇಸಿಗೆಯಲ್ಲಿ ಬಾವಿ ತಳ ಕಂಡಿತು. ನೀರಿಗೆ ಊರಾಚೆಯ ತೋಟದ ಪಂಪ್‌ಸೆಟ್ಟಿಗೆ ಹೋಗಬೇಕು, ಕರೆಂಟು ಬರುವ ಹೊತ್ತಿಗೆ ಕಾಯಬೇಕು, ಸೊಂಟದ ಮೇಲೆ ಬಿಂದಿಗೆ ಇಟ್ಟು ಸುಡುವ ದಾರಿಯಲ್ಲಿ ಬರಬೇಕು. ಹಾಗೆ ತಂದದ್ದರಲ್ಲಿ ಒಂದು ಬಿಂದಿಗೆಯನ್ನು ತೆಗೆದುಕೊಂಡು ಹೋಗಿ ನೆಲಕ್ಕೆ ಸುರಿಯುವುದೆಂದರೆ ಹೊಟ್ಟೆ ಉರಿಯುತ್ತಿತ್ತು. ಎರಡು ದಿನ ಸುರಿಯಲಿಲ್ಲ, ಏನೂ ಆಗಲಿಲ್ಲ. ಮೂರನೆಯ ದಿನವೂ ಸುರಿಯಲಿಲ್ಲ. ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಸೋಮಾರಿತನ. ಅದಕ್ಕೊಂದು ತರ್ಕ ಹುಟ್ಟಿದ್ದು ಆಮೇಲೆ.

ತರ್ಕ ಇದು: ಕರೆಂಟು ಎಳೆದುಕೊಳ್ಳುವುದು ಉಪ್ಪು. ನೀರು ಬಿದ್ದರೆ ಉಪ್ಪು ಕರಗಿ ಹೋಗುತ್ತದೆ. ದಿನಾ ಒಂದು ಬಿಂದಿಗೆ ಸುರಿದರೆ ಅವ್ವ ಅಷ್ಟು ಸಂಕಟಪಟ್ಟ ಆ ಒಂದು ಚೀಲ ಉಪ್ಪು ಎಷ್ಟು ದಿನ ಉಳಿದೀತು? ಚಿಕ್ಕಪ್ಪ ಅರ್ಧ ಕಲಿತವನು, ಅವನಿಗೆ ಇದು ಹೊಳೆದಿಲ್ಲ. ನನಗೆ ಹೊಳೆದಿದೆ. ಹಾಗಾಗಿ ನೀರಿನ ಬದಲು ಅಡುಗೆಮನೆಯ ಮಡಕೆಯಿಂದ ದಿನಾ ಒಂದು ಹಿಡಿ ಕಲ್ಲುಪ್ಪು ತೆಗೆದುಕೊಂಡು ಹೋಗಿ ಪೈಪಿನ ಬಾಯಿಗೆ ಹಾಕತೊಡಗಿದೆ. ಒಣ ಉಪ್ಪು ಪೈಪಿನೊಳಗೆ ಕಿಣಿಕಿಣಿ ಎಂದು ಇಳಿಯುವ ಸದ್ದು ಕೇಳಿ ಹೆಮ್ಮೆಯಾಗುತ್ತಿತ್ತು. ಚಿಕ್ಕಪ್ಪ ಸಂಜೆ ಕೇಳುತ್ತಿದ್ದ, “ಉಯ್ದೇನವ್ವ?” ನಾನು “ಹೂ” ಎನ್ನುತ್ತಿದ್ದೆ. ಹೂ ಎಂದದ್ದು ಅಷ್ಟೇನೂ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹುಳುಗಳು ಹಣ್ಣಾಗಿ, ಅಂದರೆ ಬಲಿತು ಮೇವು ಬಿಟ್ಟು, ಗೂಡು ಕಟ್ಟುವ ಮುಂಚಿನ ವಾರ, ಮಧ್ಯಾಹ್ನ. ಕೋಣೆ ತಂಪಾಗಿರಲಿ ಎಂದು ಅವ್ವ ಗೋಣಿತಾಟುಗಳನ್ನು ನೀರಿನಲ್ಲಿ ಅದ್ದಿ ಕಿಟಕಿಗೆ ನೇತುಹಾಕುತ್ತಿದ್ದಳು. ಫ್ಯಾನಿನ ತಂತಿಯನ್ನು ಇಲಿ ಕಡಿದಿತ್ತು, ಒಳಗಿನ ತಾಮ್ರ ಫ್ಯಾನಿನ ಕಬ್ಬಿಣಕ್ಕೆ ತಾಗಿತ್ತು. ಇದೆಲ್ಲ ಆಮೇಲೆ ಗೊತ್ತಾದದ್ದು. ಅವ್ವ ಒದ್ದೆ ಕೈಯಲ್ಲಿ ಫ್ಯಾನನ್ನು ತನ್ನ ಕಡೆಗೆ ತಿರುಗಿಸಿದಳು. ಅವಳು ಕೂಗಲಿಲ್ಲ. ಗಂಟಲಿನಿಂದ ಒಂದು ಸಣ್ಣ ಸದ್ದು ಬಂತು, ತಟ್ಟೆಗಳ ಸ್ಟ್ಯಾಂಡು ಅವಳ ಜೊತೆ ಅಲುಗಾಡತೊಡಗಿತು. ಚಿಕ್ಕಪ್ಪ ಅಂಗಳದಿಂದ ಓಡಿಬಂದು ಫ್ಯೂಸು ಕಿತ್ತ. ಅವ್ವ ನೆಲಕ್ಕೆ ಬಿದ್ದಳು, ಹುಳುಗಳು ಅವಳ ಮೇಲೆ ಬಿದ್ದವು. ಬದುಕಿದಳು. ಬಲಗೈಯ ನಡುಬೆರಳು ಮತ್ತು ಉಂಗುರದ ಬೆರಳು ಸುಟ್ಟು, ಮಾಯುವಾಗ ಒಳಕ್ಕೆ ಬಾಗಿದವು, ಮತ್ತೆ ನೆಟ್ಟಗಾಗಲಿಲ್ಲ. ಅಂದಿನಿಂದ ಮುದ್ದೆಯನ್ನು ಎಡಗೈಯಲ್ಲೇ ಕಟ್ಟುವುದನ್ನು ಕಲಿತಳು. ಎಡಗೈ ಮುದ್ದೆ ಒಂದು ಕಡೆ ಸ್ವಲ್ಪ ಚಪ್ಪಟೆ. ಆ ಚಪ್ಪಟೆ ಮುದ್ದೆಯನ್ನು ತಿಂದೇ ನಾನು ದೊಡ್ಡವಳಾದೆ.

ಅಪ್ಪ ಕೈಗೆ ಸಿಕ್ಕಿದ ತಟ್ಟೆಯನ್ನು ಚಿಕ್ಕಪ್ಪನ ಮೇಲೆ ಎಸೆದ.

“ಅರ್ಧಂಬರ್ಧ ಕಲ್ತ್ಕಂಬಂದು ನನ್ನೆಂಡ್ತಿ ಕೈ ಸುಟ್ಬುಟ್ಟಲ್ಲಲೇ! ಉಪ್ಪಂತೆ, ಗುಂಡಿಯಂತೆ! ಅವತ್ತೇ ಬಡ್ಕಂಡ್ಳು ಅವ್ಳು!”

ಚಿಕ್ಕಪ್ಪ ಬಚ್ಚಲ ಹಿಂದಕ್ಕೆ ಹೋದ. ನಾನು ಹಿಪ್ಪುನೇರಳೆ ಕಡ್ಡಿಗಳ ಮೆದೆಯ ಪಕ್ಕ ನಿಂತಿದ್ದೆ. ಅವನು ಪೈಪಿನ ಬಾಯಿಗೆ ಒಂದು ಕಡ್ಡಿ ಇಳಿಬಿಟ್ಟ. ಒಂದು ಗೇಣೂ ಇಳಿಯಲಿಲ್ಲ. ಬೆರಳು ಹಾಕಿ ತೆಗೆದ, ಬೆಳ್ಳನೆಯ ಒಣ ಉಪ್ಪು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಸುತ್ತ ನೋಡಿದವನಿಗೆ ನಾನು ಕಂಡೆ. ಎಷ್ಟು ಹೊತ್ತು ನೋಡಿದನೋ ಗೊತ್ತಿಲ್ಲ. ಉಪ್ಪನ್ನು ಪೈಪಿನೊಳಕ್ಕೆ ಹಾಕಿ, ಕೈ ಒರೆಸಿಕೊಂಡು, ಒಳಗೆ ಹೋಗಿ ಅಪ್ಪನ ಮುಂದೆ ನಿಂತು ಹೇಳಿದ:

“ತಪ್ಪು ನಂದೇ ಕಣಣ್ಣ.”

ಅಷ್ಟೇ ಅವನು ಹೇಳಿದ್ದು. ಅಪ್ಪ ಅವನ ಜೊತೆ ಮಾತು ಬಿಟ್ಟ. ಒಂದೇ ಮನೆಯಲ್ಲಿ ಊಟಕ್ಕೆ ಕೂತು, ಸಾರು ಬೇಕೆಂದರೂ ಅಜ್ಜಿಯ ಮೂಲಕ ಹೇಳಿಸುವ ದಿನಗಳು ಬಂದವು. ಹುಳು ಗೂಡು ಕಟ್ಟಿ ಮುಗಿಯುವ ಹೊತ್ತಿಗೆ ಚಿಕ್ಕಪ್ಪ ತನ್ನ ಟ್ರಂಕು ಹೊತ್ತು ಹೊರಟುಹೋಗಿದ್ದ. ಮರಳವಾಡಿಯ ಕಡೆ ಹೆಣ್ಣು ಮಾಡಿಕೊಂಡು ಮಾವನ ಹೊಲ ಉತ್ತ. ಮುಂದೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶ ಆದಾಗ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕ್ ಕೆಲಸಕ್ಕೆ ಸೇರಿದ ಎಂದು ಕೇಳಿದೆವು. ಅಪ್ಪ ಅವನ ಮದುವೆಗೂ ಹೋಗಲಿಲ್ಲ. ಅಜ್ಜಿ ಸತ್ತಾಗ, ಆಮೇಲೆ ಅಪ್ಪ ಸತ್ತಾಗ, ಚಿಕ್ಕಪ್ಪ ಬಂದು ಜನರ ಹಿಂದೆ ನಿಂತು ಮಣ್ಣು ಹಾಕಿ, ಊಟ ಮಾಡದೆ ಬಸ್ಸು ಹತ್ತಿದ. ಎರಡು ಸಲವೂ ನನ್ನ ಬಾಯಿ ತುದಿಗೆ ಮಾತು ಬಂದಿತ್ತು. ಎರಡು ಸಲವೂ ನುಂಗಿದೆ.

ನಾನು ಮಾಡಿದ್ದೇನು ಎಂದು ನನಗೇ ಪೂರ್ತಿ ತಿಳಿದದ್ದು ಕಾಲೇಜಿನಲ್ಲಿ, ಒಂದು ರಸಾಯನಶಾಸ್ತ್ರದ ತರಗತಿಯಲ್ಲಿ. ಮೇಷ್ಟ್ರು ಬೆನ್ನು ತಿರುಗಿಸಿಕೊಂಡು ಬೋರ್ಡಿನ ಮೇಲೆ ಬರೆದರು: ಉಪ್ಪಿನಂಥ ಅಯಾನಿಕ ಸಂಯುಕ್ತಗಳು ಘನರೂಪದಲ್ಲಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ನೀರಿನಲ್ಲಿ ಕರಗಿದಾಗ ಹರಿಯಗೊಡುತ್ತವೆ. ಪಕ್ಕದವಳು ಪೆನ್ನು ಕೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ಆ ಒಂದು ಸಾಲು ಬರೆದುಕೊಳ್ಳಲು ಆಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆ ವಿಷಯದಿಂದ ದೂರ ಓಡುತ್ತಿದ್ದರೇನೋ, ನಾನು ಅದನ್ನೇ ಕಟ್ಟಿಕೊಂಡೆ. ವಿಜ್ಞಾನದ ಟೀಚರಾದೆ. ಪ್ರತಿ ವರ್ಷ ಹತ್ತನೇ ತರಗತಿಯವರಿಗೆ ಎರಡು ಮೊಳೆ, ಒಂದು ಬ್ಯಾಟರಿ, ಒಂದು ಪುಟ್ಟ ಬಲ್ಬು ಇಟ್ಟು ತೋರಿಸುತ್ತೇನೆ. ಒಣ ಉಪ್ಪಿನಲ್ಲಿ ಮೊಳೆ ಚುಚ್ಚಿದರೆ ಬಲ್ಬು ಹತ್ತುವುದಿಲ್ಲ. ನೀರು ಸುರಿದರೆ ಹತ್ತುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಾನು ಹೋಗಿ ಕುರ್ಚಿಯ ಮೇಲೆ ಕೂರುತ್ತೇನೆ. ಈಚೆಗೆ ಆ ಪಾಠ ಹತ್ತಿರ ಬಂತೆಂದರೆ ಮಂಡಿನೋವು ಹೆಚ್ಚಾಗುತ್ತದೆ. ಸುಸ್ತು ಎಂದರೆ ಸುಸ್ತು, ಅದಕ್ಕೆ ಬೇರೆ ಹೆಸರಿಲ್ಲ.

ಅವ್ವ ಈಗ ಮಾಗಡಿಯಲ್ಲಿ ನನ್ನ ಜೊತೆ ಇದ್ದಾಳೆ. ಬಿ.ಪಿ. ಜಾಸ್ತಿ ಇದೆ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ ದಿನದಿಂದ ನಮ್ಮಿಬ್ಬರ ನಡುವೆ ಯುದ್ಧ. ನಾನು ಸಪ್ಪೆ ಸಾರು ಮಾಡುವುದು, ಅವಳು ನನ್ನ ಕಣ್ಣು ತಪ್ಪಿಸಿ ಡಬ್ಬಿಗೆ ಕೈ ಹಾಕುವುದು. ಹೋದ ತಿಂಗಳು ಒಂದು ಬೆಳಿಗ್ಗೆ ಕೈಯಲ್ಲಿದ್ದ ಹರಳುಗಳ ಸಮೇತ ಅವಳನ್ನು ಹಿಡಿದೆ. ಶಾಲೆಗೆ ತಡವಾಗುತ್ತಿತ್ತು, ಜೋರಾಗಿಯೇ ರೇಗಿದೆ. ಅವ್ವ ಬಾಗಿದ ಬೆರಳುಗಳಿದ್ದ ಕೈಯನ್ನು ನನ್ನ ಮುಖದ ಮುಂದೆ ಹಿಡಿದಳು.

“ಉಪ್ಪಿನ್ ಇಚಾರ ನೀ ನಂಗೇಳ್ಬ್ಯಾಡ. ಆ ಬ್ಯಾಸ್ಗೇಲಿ ಮಡಕೆ ಉಪ್ಪು ಎಲ್ಲೋಯ್ತಿತ್ತು ಅಂತ ನಂಗೊತ್ತಿರ್ನಿಲ್ವ?”

ನಾನು ಸ್ಟೌ ಆರಿಸಿ ಅಲ್ಲೇ ಕೂತೆ.

“ಗೊತ್ತಿತ್ತಾ?”

“ಬಚ್ಚಲಲ್ಲಿ ಪಾತ್ರೆ ಬೆಳಗ್ತಿದ್ದೆ. ನೀ ಹಾಕೋದ ಕಣ್ಣಾರ ನೋಡ್ದೆ. ಹಾಕ್ಲಿ, ಇನ್ನೊಸಿ ಗಟ್ಟಿಯಾಯ್ತದೆ ಅಂದ್ಕಂಡು ನಾನೇ ಮಡಕೆ ತುಂಬುಸ್ತಿದ್ದೆ. ನಂಗೇನ್ ತಿಳೀತಿತ್ತು? ರಾಮಣ್ಣ ನೀರ್ನೀರು ಅಂತ ಬಡ್ಕಂಡಿದ್ದು ಆಮ್ಯಾಕೆ ಗ್ಯಾಪ್ಕ ಆಯ್ತು.”

“ಮತ್ಯಾಕವ್ವ ಬಾಯಿ ಬುಡ್ಲಿಲ್ಲ?”

“ನಿಮ್ಮಪ್ಪ ನಿನ್ನ ಇಸ್ಕೂಲ್ ಬುಡ್ಸಿ ಹುಳಿನ್ ಮನೇಲ್ ಕೂರುಸ್ಬುಡೋನು. ರಾಮಣ್ಣ ಗಂಡ್ಸು, ಎಲ್ಲಾರ ಬದಿಕ್ಕತಾನೆ ಅಂದ್ಕಂಡೆ.” ಡಬ್ಬಿಯ ಮುಚ್ಚಳ ಹಾಕುತ್ತಾ ಸೇರಿಸಿದಳು, “ಬದಿಕ್ಕಂಡ. ಆದ್ರೆ ಆ ಮನೆ ಹೊಸ್ಲು ಮತ್ತೆ ನೆಟ್ಗೆ ತುಳೀನಿಲ್ಲ.”

ಮುಂದಿನ ಭಾನುವಾರ ಇಬ್ಬರೂ ಹೊರಟೆವು. ಮಾಗಡಿಯಿಂದ ರಾಮನಗರ, ಅಲ್ಲಿಂದ ಕನಕಪುರ, ಅಲ್ಲಿಂದ ಮರಳವಾಡಿಯ ಕಡೆಗೆ ಇನ್ನೊಂದು ಬಸ್ಸು. ಅವ್ವ ದಾರಿಯುದ್ದಕ್ಕೂ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡುವವಳಂತೆ ನಟಿಸಿದಳು. ಚಿಕ್ಕಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವನು ಮನೆಯ ಪಕ್ಕದಲ್ಲಿ ಬಗ್ಗಿ, ನೆಲದಿಂದ ಎದ್ದಿದ್ದ ಒಂದು ಪೈಪಿನ ಬಾಯಿಗೆ ಚೊಂಬಿನಿಂದ ನೀರು ಹಾಕುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನಮ್ಮನ್ನು ನೋಡಿ ಚೊಂಬು ಕೆಳಗಿಟ್ಟ. ಅವ್ವನನ್ನು ಚಿಕ್ಕವ್ವ ಒಳಗೆ ಕರೆದುಕೊಂಡು ಹೋದಳು. ನಾನು ಅಲ್ಲೇ ನಿಂತು, ಕುಡಿಯಲು ನೀರನ್ನೂ ಕೇಳದೆ, ಹೇಳಿಬಿಟ್ಟೆ. ನೀರು ಹಾಕಿರಲಿಲ್ಲ, ಉಪ್ಪು ಹಾಕಿದ್ದೆ, ನಿನ್ನ ಹತ್ತಿರ ಸುಳ್ಳು ಹೇಳಿದ್ದೆ ಎಂದೆ. ಇಷ್ಟು ವರ್ಷ ಹೊತ್ತದ್ದು ಇಷ್ಟೇ ಮಾತಿನಲ್ಲಿ ಮುಗಿದುಹೋಯಿತಲ್ಲ ಎಂದು ಒಂಥರಾ ನಾಚಿಕೆಯೂ ಆಯಿತು.

“ಗೊತ್ತು ಕಣವ್ವ. ಕಡ್ಡಿ ಬುಟ್ಟು ನೋಡಿದ್ನಲ್ಲ,” ಎಂದ. “ನಂದೂ ತಪ್ಪಿತ್ತು. ಫ್ಯೂಸ್ ಪದೇ ಪದೇ ಹೋಯ್ತದೆ ಅಂತ ಎರಡೆಳೆ ತಂತಿ ಸುತ್ತಿದ್ದೆ, ಅದಕ್ಕೇ ಅವತ್ತು ಅದು ಸುಟ್ಟೋಗ್ನಿಲ್ಲ. ಅದ ಯಾರೂ ಕೇಳ್ನಿಲ್ಲ, ನಾನೂ ಹೇಳ್ನಿಲ್ಲ. ಬಾ, ಕೂತ್ಕ.”

ಜಗಲಿಯ ಮೇಲೆ ಕೂತೆವು. ಅವನು ಚೊಂಬನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದ.

“ಟೀಚರಮ್ಮ ಆಗಿದ್ದೀಯ, ಒಂದ್ ಮಾತೇಳು. ಕಾರ್ಖಾನೇಲೂ ಊರಲ್ಲೂ ಕಂಡೋರ್ಗೆಲ್ಲ ನೀರ್ ಉಯ್ರಿ, ನೀರ್ ಉಯ್ರಿ ಅಂದ್ಕಂಡ್ ಬಂದೆ. ಯಾಕೆ ಅಂತ ನಂಗೇ ಸರ್ಯಾಗ್ ಗೊತ್ತಿಲ್ಲ. ಅವತ್ತು ಯಾಕೆ ಅಂತ ಹೇಳಿದ್ರೆ ನೀ ಉಯ್ತಿದ್ದೆ.”

ಇಪ್ಪತ್ತೈದು ವರ್ಷ ಮಾಡಿದ ಪಾಠವನ್ನು ಆ ಜಗಲಿಯ ಮೇಲೆ ಮೊದಲ ಸಲ ಮಾಡುವವಳಂತೆ ಮಾಡಿದೆ. ಸೋಡಿಯಂ ಎಂಬ ಲೋಹ, ಕ್ಲೋರಿನ್ ಎಂಬ ವಿಷದ ಗಾಳಿ. ಸೋಡಿಯಂನ ಕಣದ ಹೊರಸುತ್ತಿನಲ್ಲಿ ಒಂದೇ ಒಂದು ಇಲೆಕ್ಟ್ರಾನು, ಅದು ಬಿಟ್ಟುಹೋದರೆ ಆ ಕಣ ನೆಲೆ ನಿಲ್ಲುತ್ತದೆ. ಕ್ಲೋರಿನ್ನಿಗೆ ಹೊರಸುತ್ತಿನಲ್ಲಿ ಒಂದು ಕಡಿಮೆ, ಅದು ಸಿಕ್ಕರೆ ಅದೂ ನೆಲೆ ನಿಲ್ಲುತ್ತದೆ. ಇದು ಕೊಡುತ್ತದೆ, ಅದು ತೆಗೆದುಕೊಳ್ಳುತ್ತದೆ. ಕೊಟ್ಟದ್ದು ಪ್ಲಸ್ ಆಗುತ್ತದೆ, ತೆಗೆದುಕೊಂಡದ್ದು ಮೈನಸ್ ಆಗುತ್ತದೆ, ಆಮೇಲೆ ಒಂದನ್ನೊಂದು ಎಳೆದು ಹಿಡಿದುಕೊಳ್ಳುತ್ತವೆ. ಆ ಹಿಡಿತಕ್ಕೇ ಅಯಾನಿಕ ಬಂಧ ಎಂದು ಹೆಸರು. ಒಂದು ಹರಳಿನಲ್ಲಿ ಇಂಥವು ಕೋಟಿ ಕೋಟಿ, ಪ್ಲಸ್ಸಿನ ಪಕ್ಕ ಮೈನಸ್ಸು, ಮೈನಸ್ಸಿನ ಪಕ್ಕ ಪ್ಲಸ್ಸು, ಹೀಗೆ ಮೂರೂ ದಿಕ್ಕಿಗೆ ಸಾಲು ನಿಂತಿರುತ್ತವೆ. ಅದಕ್ಕೇ ಉಪ್ಪು ಗಟ್ಟಿ. ಸುತ್ತಿಗೆಯಿಂದ ಹೊಡೆದರೆ ಒಂದು ಸಾಲು ಜರುಗಿ, ಪ್ಲಸ್ಸಿನ ಎದುರಿಗೆ ಪ್ಲಸ್ಸೇ ಬಂದು ಒಂದನ್ನೊಂದು ತಳ್ಳುತ್ತವೆ, ಹರಳು ಫಟ್ಟನೆ ಒಡೆಯುತ್ತದೆ.

“ಅವ್ವ ದೃಷ್ಟಿ ತೆಗ್ದು ಒಲೆಗಾಕ್ತಿದ್ಳಲ್ಲ, ಕರಗ್ತಿರ್ನಿಲ್ಲ,” ಎಂದ ಚಿಕ್ಕಪ್ಪ. ಅವ್ವ ಎಂದರೆ ಅವನ ಅವ್ವ, ನನ್ನ ಅಜ್ಜಿ.

ಚಟಚಟ ಎನ್ನುವುದು ಹರಳಿನೊಳಗೆ ಸಿಕ್ಕಿಕೊಂಡ ನೀರಿನ ಹನಿ ಕಾದು ಸಿಡಿಯುವ ಸದ್ದು ಎಂದೆ. ಆ ಹಿಡಿತ ಬಿಡಿಸಿ ಉಪ್ಪನ್ನೇ ಕರಗಿಸಲು ನಮ್ಮ ಸೌದೆ ಒಲೆಯ ಬೆಂಕಿ ಸಾಲದು, ಕುಲುಮೆ ಬೇಕು. ಬೆಂಕಿಗೆ ಆಗದ್ದು ನೀರಿಗೆ ಆಗುತ್ತದೆ. ನೀರು ಒಂದೊಂದನ್ನೇ ಸುತ್ತುವರಿದು ಬಿಡಿಸಿಕೊಂಡು ಬರುತ್ತದೆ. ಒಣ ಉಪ್ಪಿನಲ್ಲೂ ಅದೇ ಪ್ಲಸ್ಸು, ಅದೇ ಮೈನಸ್ಸು ಇರುತ್ತವೆ, ಆದರೆ ಯಾವುದೂ ನಿಂತ ಜಾಗದಿಂದ ಕದಲುವುದಿಲ್ಲ. ಕರೆಂಟನ್ನು ಹೊತ್ತು ಸಾಗಿಸಲು ಯಾರಾದರೂ ನಡೆಯಬೇಕಲ್ಲ? ನೀರು ಬಿದ್ದರೆ ಅವು ಬಿಡಿಬಿಡಿಯಾಗಿ ಓಡಾಡುತ್ತವೆ, ಆಗ ಕರೆಂಟು ಭೂಮಿಗೆ ಇಳಿಯುತ್ತದೆ.

ಚಿಕ್ಕಪ್ಪ ಹೇಳಿದ:

“ಅಂದ್ರೆ ಉಪ್ಪು ಕರಗೋಯ್ತದೆ ಅಂತ ನೀ ಹೆದ್ರಿದ್ದೆ. ಕರಗ್ಲಿ ಅಂತ್ಲೇ ನೀರ್ ಉಯ್ಯೋದು.”

ನಾನು ಅತ್ತೆ. ಶಾಲೆಯಲ್ಲಿ ಯಾವ ಮಗುವೂ ಇಷ್ಟು ಸರಿಯಾಗಿ ಉತ್ತರ ಹೇಳಿರಲಿಲ್ಲ.

ಊಟಕ್ಕೆ ಮುದ್ದೆ, ಅವರೆಕಾಳಿನ ಬಸ್ಸಾರು. ಅವ್ವನೂ ಚಿಕ್ಕಪ್ಪನೂ ಎದುರುಬದುರು ಕೂತಿದ್ದರು. ಬಂದಾಗಿನಿಂದ ಅವರಿಬ್ಬರೂ ಮಳೆ, ಮಂಡಿ, ಮೊಮ್ಮಕ್ಕಳು ಎಂದು ಏನೇನೋ ಮಾತಾಡಿದ್ದರು, ಆಡಬೇಕಾದದ್ದನ್ನು ಆಡಿರಲಿಲ್ಲ. ನನ್ನ ಬಿ.ಪಿ. ಉಪದೇಶ ಕೇಳಿ ಚಿಕ್ಕವ್ವ ಸಾರಿಗೆ ಉಪ್ಪನ್ನು ಕಮ್ಮಿ ಹಾಕಿದ್ದಳು. ಒಂದು ತುತ್ತು ನುಂಗಿ ಚಿಕ್ಕಪ್ಪ “ಒಸಿ ಉಪ್ಪು” ಎಂದ. ಉಪ್ಪಿನ ಬಟ್ಟಲು ಅದು ಹೇಗೋ ಅವ್ವನ ಪಕ್ಕದಲ್ಲೇ ಇತ್ತು. ಅವಳು ಬಾಗಿದ ಬೆರಳುಗಳಲ್ಲೇ ಒಂದು ಚಿಟಿಕೆ ಹರಳು ಎತ್ತಿದಳು. ಅವನು ತಟ್ಟೆಯನ್ನು ಅವಳ ಕಡೆ ಸರಿಸಿದ. ಅವಳು ತಟ್ಟೆಗೆ ಹಾಕಲಿಲ್ಲ, ಕೈ ಚಾಚಿ ಹಾಗೇ ಹಿಡಿದಿದ್ದಳು.

“ಅತ್ಗೆ, ತಟ್ಟೆಗಾಕಿ.”

“ಕೈ ನೀಡೊ ರಾಮಣ್ಣ. ಆಗೋ ಜಗಳ ಎಲ್ಲ ಆಗೋಗೈತೆ. ಇವ್ಳು ಉಪ್ಪು ಹಾಕೋದ ನಾನು ನೋಡಿದ್ದೆ. ನಿಮ್ಮಣ್ಣ ನಿನ್ನ ಬೈಯೋವಾಗ ಬಾಯಿ ಮುಚ್ಕಂಡ್ ಕೂತಿದ್ದೆ. ನೀಡು ಕೈಯ.”

ಚಿಕ್ಕಪ್ಪ ಬಲಗೈಯನ್ನು ತಟ್ಟೆಯ ಅಂಚಿಗೆ ಒರೆಸಿ ಮುಂದೆ ಚಾಚಿದ. ಅವ್ವ ಅಂಗೈಗೆ ಹಾಕಿದಳು. ಸಾರಿ‌ನ ಕೈ, ಹರಳುಗಳು ಅಂಟಿಕೊಂಡವು. ಅವನು ಅದನ್ನು ಸಾರಿಗೆ ಹಾಕಿಕೊಳ್ಳದೆ ಹಾಗೆಯೇ ನೆಕ್ಕಿ, ತಲೆ ಬಗ್ಗಿಸಿ ಮುದ್ದೆ ಮುರಿದ. ಬೆರಳಿಗೆ ಮೆತ್ತಿ ಉಳಿದಿದ್ದ ಎರಡು ಹರಳನ್ನು ಅವ್ವ ನನ್ನನ್ನು ನೋಡುತ್ತಲೇ ತನ್ನ ಬಾಯಿಗೆ ಹಾಕಿಕೊಂಡಳು. ನಾನು ಅವತ್ತು ಡಾಕ್ಟರ ಹೆಸರು ಎತ್ತಲಿಲ್ಲ.